ಹೆಸರಿಲ್ಲದವಳಿಗೆ ಗುಂಡಿಲ್ಲ

ಲಾ ಪ್ವಾಂತ್, ಬಿಳಿಮೀನು ಸರೋವರ
೧೮ ಸೆಪ್ಟೆಂಬರ್ ೧೯೮೩

ಮಗಳೇ ವರ್ನಾ,

ನೀನು ಹೋದ ಮೇಲೂ ಸರೋವರ ಇದ್ದಲ್ಲೇ ಇದೆ, ನಾನೂ ಇದ್ದಲ್ಲೇ ಇದ್ದೇನೆ. ಮಿಕ್ಕವರ ಕ್ಷೇಮ ನಿಮ್ಮಮ್ಮ ಬರೆಯುತ್ತಾಳೆ. ನನ್ನ ತಂಗಿಗೆ ಬರೆಯಲು ಬೇರೆ ವಿಷಯವಾದರೂ ಏನಿದೆ? ದೊಡ್ಡ ವಿಷಯಗಳನ್ನು ಈ ಮನೆಯಲ್ಲಿ ಬರೆಯುವವನು ನಾನೊಬ್ಬನೇ.

ನೀನು ಒಂದು ವರ್ಷ ಪಾಠ ಹೇಳಲು ಹೋಗಿರುವ, ಸಮುದ್ರದಾಚೆಯ ಆ ಆರ್ಕ್ನಿ ದ್ವೀಪದಿಂದಲೇ ನಮ್ಮ ವಂಶದ ಮೂಲಪುರುಷ ಗಿಲ್ಬರ್ಟ್ ಕಾರಿಗಲ್ ನೂರೈವತ್ತು ವರ್ಷದ ಹಿಂದೆ ಹಡಗು ಹತ್ತಿದ್ದು, ತುಪ್ಪಳದ ಕಂಪನಿಯ ದೋಣಿ ನಡೆಸಲು ಕೆನಡಾದ ನಮ್ಮ ಕಡೆ ಬಂದದ್ದು. ಅಲ್ಲಿಯವರಿಗೆ ಧೈರ್ಯವಾಗಿ ಹೇಳು: ಗಿಲ್ಬರ್ಟ್‌ನಂಥ ಚುಕ್ಕಾಣಿಗಾರ ಇಡೀ ಉತ್ತರದಲ್ಲಿ ಇರಲಿಲ್ಲ. ಅವನು ತಿರುಗಿಸಿದರೆ ದೋಣಿ ತಿರುಗುತ್ತಿತ್ತು. ಕೆಲವು ಸಲ ನದಿಯೇ ತಿರುಗುತ್ತಿತ್ತು. ಮೂರು ಬಾತು ಎಂದು ನಾವು ಕರೆಯುವ ಬಂಡೆಗಳ ಮೇಲೆ ನದಿ ರಭಸದಿಂದ ಧುಮುಕುವ ಇಳಿನೀರಿನಲ್ಲಿ, ಹಿಮ ಕರಗಿ ಉಕ್ಕುವ ಕಾಲದಲ್ಲಿ, ಬೀವರ್ ತೊಗಲಿನ ಒಂದು ಮೂಟೆಯೂ ನೆನೆಯದಂತೆ ದೋಣಿ ಇಳಿಸಿದವನು ಅವನು. ಅದಕ್ಕೇ ದೋಣಿಯವರು ಅವನ ಹೆಸರಿನಲ್ಲಿ ಕುಚ್ಚುಮರ ಮಾಡಿದರು. ದಡದ ಎತ್ತರದ ಸ್ಪ್ರೂಸ್ ಮರ ಹತ್ತಿ, ನಡುವಿನ ಕೊಂಬೆಗಳನ್ನೆಲ್ಲ ಕಡಿದು, ತುದಿಯಲ್ಲೊಂದು ಕುಚ್ಚು ಬಿಟ್ಟು, ಕೆಳಗೆ ನಿಂತು ಅವನ ಹೆಸರು ಕೂಗಿದರು. ಆ ಮರ ಎಲ್ಲಿದೆ ಎಂದು ಮಾತ್ರ ಕೇಳಬೇಡ. ಬೇಸಿಗೆಯಲ್ಲಿ ಮೀನು ಹಿಡಿಯಲು ಬರುವ ಪಟ್ಟಣದವರಿಗೆ ನಾನು ವರ್ಷಕ್ಕೊಂದು ಮರ ತೋರಿಸುತ್ತೇನೆ. ಇದುವರೆಗೆ ಯಾರೂ ದೂರು ಕೊಟ್ಟಿಲ್ಲ.

ಈಗ ನಿನ್ನ ಕೋಕುಮ್‌ಳ ಅಪ್ಪಣೆ. ನನ್ನ ತಾಯಿಗೆ ತೊಂಬತ್ತೊಂದಾದರೂ ಅಪ್ಪಣೆ ಕೊಡುವ ಗಂಟಲು ಹದಿನೆಂಟರದ್ದು.

"ಆಂಬ್ರೋಜ್, ಆ ಹುಡುಗಿಗೆ ಬರಿ. ನನ್ನ ಅಜ್ಜನ ತಾಯಿ ಹೆಸರು ಹುಡುಕ್ಕೊಂಡು ಬರ್ಲಿ."

"ಅಮ್ಮಾ, ಅವ್ಳು ಹೋಗಿರೋದು ಗಿಲ್ಬರ್ಟ್ ಊರಿಗೆ. ಗಿಲ್ಬರ್ಟ್ ಹೆಂಡ್ತಿ ಈ ಕಡೆಯೋಳು."

"ಗಂಡನ ಮನೆಯೋರಿಗೆ ಸೊಸೆ ಹೆಸರು ಗೊತ್ತಿರಲ್ವೇನೋ? ನಿನ್ನ ಹೆಂಡ್ತಿ ಹೆಸರು ನಂಗೆ ಗೊತ್ತಿಲ್ವಾ?"

"ಗೊತ್ತು. ಆದ್ರೆ ನೀನು ಕರೆಯೋದು 'ಆ ಉಪ್ಪು ಹಾಕದೋಳು' ಅಂತ."

ನಕ್ಕಳು. ಆಮೇಲೆ ನಗಲಿಲ್ಲ. ನಿನಗೆ ಗೊತ್ತಲ್ಲ, ಜುಲೈನಲ್ಲಿ ಸಂತ ಆನಳ ಹಬ್ಬದ ಹಿಂದಿನ ಸಂಜೆ ಮನೆಯ ಹಿರಿಯಳು ತೀರಿಹೋದವರ ಹೆಸರು ಒಂದೊಂದಾಗಿ ಕೂಗುವುದು, ಪ್ರತಿ ಹೆಸರಿಗೂ ನಾನು ಆಕಾಶಕ್ಕೆ ಒಂದು ಗುಂಡು ಹಾರಿಸುವುದು. ಗಿಲ್ಬರ್ಟ್ ಎಂದರೆ ಗುಂಡು. ಮುಂದಿನದು "ಗಿಲ್ಬರ್ಟ್‌ನ ಹೆಂಡತಿ." ಅಲ್ಲಿ ಗುಂಡಿಲ್ಲ. ಹೆಸರಿಲ್ಲದವಳಿಗೆ ಗುಂಡಿಲ್ಲ ಎಂಬುದು ಕೋಕುಮ್‌ಳ ಅಪ್ಪ ಮಾಡಿಟ್ಟುಹೋದ ನಿಯಮ. ಆ ಹೊತ್ತಿನಲ್ಲಿ ನಾಯಿಗಳೂ ಕಿವಿ ಎತ್ತಿ ನನ್ನ ಕೋವಿಯನ್ನೇ ನೋಡುತ್ತವೆ. ತಾಯಿ ಸತ್ತಾಗ ಕೋಕುಮ್‌ಳ ಅಜ್ಜ ಇನ್ನೂ ಎಳೆಗೂಸು. ಅವನಿಗೆ ಅವಳು ಬರೀ ಅಮ್ಮ. ಗಿಲ್ಬರ್ಟ್ ಆಮೇಲೆ ಅವಳ ಹೆಸರನ್ನು ಬಾಯಿಗೆ ತಂದವನಲ್ಲ.

"ಮುಂದಿನ ಜುಲೈ ನನ್ನ ಕೊನೇದು," ಎಂದಳು ಕೋಕುಮ್. ಇದನ್ನು ಪ್ರತಿ ವರ್ಷ ಹೇಳುತ್ತಾಳೆ. ಆದರೆ ಈ ಸಲ ಹೇಳಿ ಚಹಾ ಕೇಳಲಿಲ್ಲ. ಹುಡುಕು ಮಗಳೇ.

ನಿನ್ನ ವಿಮಾನ ಹಾರಿದ ದಿನ ಸಂತ ಜೋಸೆತ್‌ಳ ಮರಕ್ಕೆ ಹರಕೆಯ ಕೆಂಪು ಬಟ್ಟೆಪಟ್ಟಿ ಕಟ್ಟಿಸಿದಳು. ಇಳಿನೀರಿನ ಬುಡದ ತನಕ ದೋಣಿ ನಡೆಸಿ ಕಟ್ಟಿದವನು ನಾನು. ಜ್ವರದ ಮಕ್ಕಳಿಗೆ ಹೊಗೆ ಹಾಕಲು ತಾಯಂದಿರು ಕೊಂಬೆ ಮುರಿದೂ ಮುರಿದೂ ಪಾಪ ಆ ಮರದ ನಡು ಪೂರ್ತಿ ಬೋಳಾಗಿದೆ, ಪಟ್ಟಿ ಕಟ್ಟಲು ಜಾಗ ಹುಡುಕಬೇಕಾಯಿತು. ವಿಮಾನ ಬೀಳಲಿಲ್ಲವಾದ್ದರಿಂದ ಅರ್ಧ ಪುಣ್ಯ ನನ್ನ ಲೆಕ್ಕಕ್ಕೆ.

ನಿನ್ನ ಮಾವ
ಆಂಬ್ರೋಜ್


ಸ್ಟ್ರಾಮ್ನೆಸ್, ಆರ್ಕ್ನಿ
೨೩ ಅಕ್ಟೋಬರ್ ೧೯೮೩

ಪ್ರೀತಿಯ ಮಾವ,

ಇಲ್ಲಿ ಮರಗಳೇ ಇಲ್ಲ. ಗಾಳಿ ಬಿಟ್ಟರೆ ಬೇರೇನೂ ಎತ್ತರಕ್ಕೆ ಬೆಳೆಯುವುದಿಲ್ಲ. ನನ್ನ ತರಗತಿಯ ಮಕ್ಕಳಿಗೆ ನಮ್ಮ ಕಾಡಿನ ಚಿತ್ರ ತೋರಿಸಿದರೆ ಒಬ್ಬ ಕೇಳಿದ, "ಟೀಚರ್, ಇಷ್ಟೊಂದು ಮರ ಇದ್ರೆ ನೀವು ಹೊರಗೆ ಏನು ನೋಡ್ತೀರಾ?"

ಮೊದಲು ಕಾಗದಗಳ ಕಥೆ. ಗಿಲ್ಬರ್ಟ್ ಹುಟ್ಟಿದ ದಿನ ಇಲ್ಲಿನ ಚರ್ಚಿನಲ್ಲಿದೆ. ಕಂಪನಿಯ ಹಳೆಯ ಪತ್ರಗಳ ನಕಲು ತರಿಸಿ ನೋಡಿದೆ. ಅವನ ಹೆಸರಿದೆ, ಅವನು ತರಿಸಿಕೊಂಡ ಬೂಟಿನ ಅಳತೆ ಇದೆ. ಹೆಂಡತಿಯ ಜಾಗದಲ್ಲಿ "ಹೆಂಗಸು ಒಬ್ಬಳು, ಮಗು ಒಂದು" ಎಂದಷ್ಟೇ. ಬೂಟಿಗೆ ಸಿಕ್ಕ ಮರ್ಯಾದೆ ಅವಳಿಗೆ ಸಿಕ್ಕಿಲ್ಲ. ಕೋಕುಮ್‌ಗೆ ಇದನ್ನು ಮೆಲ್ಲಗೆ ಹೇಳು.

ಆದರೆ ಕಾರಿಗಲ್ ಒಬ್ಬರು ಸಿಕ್ಕರು. ಎರ್ಲೆಂಡ್ ತಾತ, ಎಂಬತ್ತು ದಾಟಿದವರು. ಗಿಲ್ಬರ್ಟ್‌ನ ತಮ್ಮ ಪೀಟರ್‌ನ ಮೊಮ್ಮಗ. ಪೀಟರ್ ಕೂಡ ನಮ್ಮ ಕಡೆ ದೋಣಿ ಹುಟ್ಟು ಹಾಕಲು ಬಂದು, ಕೆಲವೇ ವರ್ಷಕ್ಕೆ ಇಲ್ಲಿಗೆ ವಾಪಸಾದವನಂತೆ. ತಾತ ಬಾಗಿಲಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕೆನಡಾದಿಂದ ನೆಂಟಳು ಬರ್ತಾಳೆ ಅಂದಾಗ ಯಾರೋ ತುಪ್ಪಳದ ಕೋಟು ಹಾಕ್ಕೊಂಡ ದೊಡ್ಡ ಹೆಂಗಸು ಅಂದ್ಕೊಂಡಿದ್ದೆ. ನೀನು ನೋಡಿದ್ರೆ ನಮ್ಮನೆ ಮೂಗೇ ಹೊತ್ಕೊಂಡು ಬಂದಿದ್ದೀಯಲ್ಲೇ."

ದಡದಲ್ಲಿ ಅವರ ಮೀನು ದೋಣಿ ಕಟ್ಟಿತ್ತು. ಅದರ ಮೂತಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದದ್ದು ಓದಿ ನಾನು ಅಲ್ಲೇ ನಿಂತುಬಿಟ್ಟೆ. ಜೋಸೆತ್.

"ತಾತ, ಇದ್ಯಾಕೆ ಈ ಹೆಸರು?"

"ನಮ್ಮ ದೋಣಿಗಳೆಲ್ಲಾ ಜೋಸೆತ್ತೇ. ನಮ್ಮಪ್ಪಂದು, ಅವರಪ್ಪ ಪೀಟರ್ ಅಜ್ಜಂದು. ಒಂದು ಮುಕ್ಕಾದ್ರೆ ಇನ್ನೊಂದು."

"ಯಾರವಳು?"

"ದೋಣಿ ಕಣೇ. ದೋಣೀನ ಯಾರು ಅಂತ ಯಾರಾದ್ರೂ ಕೇಳ್ತಾರಾ?"

"ನಮ್ಮೂರಲ್ಲಿ ಆ ಹೆಸರಿನ ಸಂತಳಿದ್ದಾಳೆ."

ತಾತ ಪೈಪು ಬಾಯಿಂದ ತೆಗೆದು ನಕ್ಕರು. "ಸಂತರ ಹೆಸರು ದೋಣಿಗಿಟ್ಟಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬಂದು ದೋಣಿ ಸುಡ್ತಿದ್ದ. ನಮ್ಮ ಚರ್ಚಲ್ಲಿ ಸಂತರಿಗೆ ಕೂರೋಕೆ ಬೆಂಚಿಲ್ಲ ಮಗಳೇ."

ಅಷ್ಟೇ ಹೇಳಿ ಮೀನಿನ ಬಲೆ ಎತ್ತಿಕೊಂಡು ಹೋದರು. ಇಲ್ಲಿನವರು ಮೊದಲ ಭೇಟಿಗೇ ಮನೆಯ ಮಾತು ಆಡುವವರಲ್ಲ. ಮಾವ, ಒಂದು ಕೆಲಸ ಮಾಡು. ನಮ್ಮ ಸಂತ ಜೋಸೆತ್ ಯಾವ ಕಾಲದವಳು, ಎಲ್ಲಿಯವಳು ಎಂದು ಕೋಕುಮ್‌ನ ಕೇಳಿ ಬರೆ. ಯಾರಿಗೂ ಡಂಗುರ ಹೊಡೆಯಬೇಡ.

ವರ್ನಾ


ಲಾ ಪ್ವಾಂತ್
೨೦ ನವೆಂಬರ್ ೧೯೮೩

ಮಗಳೇ,

ನಿನ್ನ ಕಾಗದ ಬಂದ ಭಾನುವಾರವೇ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಇಡೀ ಊರಿಗೆ ಓದಿ ಹೇಳಿದೆ. ನೀನು ಡಂಗುರ ಬೇಡ ಎಂದಿದ್ದೆ. ಡಂಗುರ ನಾನು ಮುಟ್ಟಲಿಲ್ಲ, ಬರೀ ಬಾಯಿ.

ಎಂಥ ಸುದ್ದಿ ಕಳಿಸಿದ್ದೀಯೆ. ನಮ್ಮ ಸಂತಳ ಮಹಿಮೆ ಸಮುದ್ರ ದಾಟಿದೆ. ಗಿಲ್ಬರ್ಟ್ ಎಂಥ ಭಕ್ತನಾಗಿದ್ದರೆ ತಮ್ಮನ ಕೈಲಿ ಆ ಹೆಸರು ಊರಿಗೆ ಕಳಿಸಿರಬೇಕು. ನಿನ್ನ ಎರ್ಲೆಂಡ್ ತಾತನಿಗೆ ಏನೂ ಗೊತ್ತಿಲ್ಲ, ವಯಸ್ಸಾಗಿದೆ, ಬಿಡು. ಇನ್ನು ಮೇಲೆ ಪಟ್ಟಣದವರು ಬಂದರೆ ಆ ಮರವನ್ನೂ ತೋರಿಸಬೇಕು ಎಂದು ಯೋಚಿಸಿದ್ದೆ. ಅಷ್ಟರಲ್ಲಿ ಫಾದರ್ ರೆಮಿ ಬಾಯಿ ಹಾಕಿದ. ಈ ವರ್ಷ ಬಂದ ಹೊಸ ಪಾದ್ರಿ, ಇನ್ನೂ ಗಡ್ಡ ಸರಿಯಾಗಿ ಮೂಡಿಲ್ಲ.

"ಆಂಬ್ರೋಜ್, ನಾನು ಹೇಳ್ಬೇಕು ಅಂತಲೇ ಇದ್ದೆ. ನಮ್ಮ ಸಂತರ ಪೈಕಿ ಜೋಸೆತ್ ಅನ್ನೋರು ಯಾರೂ ಇಲ್ಲ."

"ಇಲ್ಲ ಅಂದ್ರೆ? ನನ್ನ ಕಿವಿನೋವು ವಾಸಿ ಮಾಡಿದ್ದು ಯಾರು ಹಾಗಾದ್ರೆ?"

"ಕಿವಿನೋವು ತಾನಾಗೇ ವಾಸಿ ಆಗುತ್ತೆ."

"ಫಾದರ್, ನಿಮಗಿಂತ ಮುಂಚೆ ಇಲ್ಲಿ ಐದು ಜನ ಪಾದ್ರಿಗಳು ಬಂದು ಹೋದ್ರು. ಒಬ್ಬರಿಗೂ ಅವಳು ಅಡ್ಡ ಬರ್ಲಿಲ್ಲ."

"ಅವರು ಕೇಳಿರಲಿಲ್ಲ. ನಾನು ಕೇಳಿದೀನಿ. ಬಿಷಪ್‌ರಿಗೆ ಬರ್ದಿದೀನಿ, ಉತ್ತರ ಬರೋವರೆಗೂ ಆ ಮರದ ಹತ್ರ ಮೇಣದಬತ್ತಿ, ಪ್ರಾರ್ಥನೆ ಬೇಡ."

ಊರು ಎರಡಾಯಿತು. ಹೆಂಗಸರೆಲ್ಲ ಒಂದು ಕಡೆ, ಫಾದರ್ ಒಬ್ಬನೇ ಇನ್ನೊಂದು ಕಡೆ, ಗಂಡಸರು ಚಹಾ ಕುಡಿಯುತ್ತಾ ನಡುವೆ. ಕೋಕುಮ್ ಮಾತ್ರ ಬೆಂಚಿನಲ್ಲೇ ಕೂತು, "ಸ್ವರ್ಗಕ್ಕೆ ಹೋದ್ಮೇಲೆ ನೋಡ್ಕೊಂಡು ಬಂದು ಹೇಳ್ತೀನಿ, ಅಲ್ಲೀವರ್ಗೂ ಪಟ್ಟಿ ಕಟ್ಟೋಣ," ಎಂದಳು.

ನೀನು ಕೇಳಿದ್ದಕ್ಕೆ ಉತ್ತರ: ಸಂತಳು ಯಾವ ಕಾಲದವಳೆಂದು ಕೋಕುಮ್‌ಗೂ ಗೊತ್ತಿಲ್ಲ. ಅವಳಮ್ಮ ಕೈಹಿಡಿದು ಕರೆದುಕೊಂಡು ಹೋಗಿ, "ಇವಳು ಜೋಸೆತ್, ನಮ್ಮ ಹೆಂಗಸರಿಗೆ ಆಗಿ ಬರ್ತಾಳೆ" ಎಂದಿದ್ದಳಂತೆ. ಬೂಟಿನ ವಿಷಯ ಹೇಳಿದೆ. ಕೋಕುಮ್ ತನ್ನ ಕಾಲನ್ನೇ ನೋಡಿಕೊಂಡಳು.

ಇಲ್ಲಿ ಸರೋವರ ಹೆಪ್ಪುಗಟ್ಟಿತು. ಮೊದಲ ಬಲೆಗೇ ನನಗೆ ಇಡೀ ಊರಿಗಿಂತ ಹೆಚ್ಚು ಮೀನು. ಯಾರನ್ನಾದರೂ ಕೇಳು, ನಿಮ್ಮಮ್ಮನನ್ನು ಬಿಟ್ಟು.

ಆಂಬ್ರೋಜ್ ಮಾವ


ಸ್ಟ್ರಾಮ್ನೆಸ್
೮ ಜನವರಿ ೧೯೮೪

ಮಾವ,

ಈ ಕಾಗದ ಕುರ್ಚಿಯ ಮೇಲೆ ಕೂತು ಓದು. ಹತ್ತಿರ ಕೊಡಲಿ ಇದ್ದರೆ ಸ್ವಲ್ಪ ದೂರ ಇಡು.

ಮೂರು ತಿಂಗಳು ಎರ್ಲೆಂಡ್ ತಾತನ ಕೋಳಿಗಳಿಗೆ ಕಾಳು ಹಾಕಿದ್ದೇನೆ, ಬಲೆ ಬಿಡಿಸಿಕೊಟ್ಟಿದ್ದೇನೆ. ಹೊಸ ವರ್ಷದ ಮಧ್ಯಾಹ್ನ ಅವರ ಒಲೆಯ ಮುಂದೆ ಕೂತಿದ್ದಾಗ ನಿನ್ನ ಗಿಲ್ಬರ್ಟ್ ದೋಣಿ ಇಳಿಸಿದ ಪುರಾಣ ಹೇಳಿದೆ, ನದಿ ತಿರುಗಿದ್ದನ್ನೂ ಬಿಡದೆ. ತಾತ ಕೆಮ್ಮಿದರು. ಕೆಮ್ಮು ನಗುವಾಯಿತು. "ಇದನ್ನ ಯಾರು ಹೇಳಿದ್ದು? ಆಗ್ಲಿ, ಈಗ ನಮ್ಮ ಕಡೆ ಕಥೆ ಕೇಳು," ಎಂದರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಪೀಟರ್ ಅಜ್ಜ ಕುಂಟ. ಊರೆಲ್ಲಾ ಅವನನ್ನ ಮರದಿಂದ ಬಿದ್ದ ಪೀಟರ್ ಅಂತಲೇ ಕರೀತಿತ್ತು. ಹಡಗಿಂದ ಬೀಳ್ತಾರೆ, ದೋಣಿಯಿಂದ ಬೀಳ್ತಾರೆ, ಬಂಡೆಯಿಂದ ಬೀಳ್ತಾರೆ. ಮರದಿಂದ ಬೀಳೋದಾ? ನಮ್ಮೂರಲ್ಲಿ ಅರ್ಧ ಜನ ಮರ ನೋಡಿದೋರೇ ಅಲ್ಲ. ನಕ್ಕೂ ನಕ್ಕೂ ಅವನ ಬಾಯಿ ಮುಚ್ಚಿಸಿಬಿಟ್ರು. ನಮ್ಮಜ್ಜಿಗೊಬ್ಬಳಿಗೆ ಹೇಳಿದ್ನಂತೆ. ಅಜ್ಜಿ ನಂಗೆ ಹೇಳಿದ್ಲು.

"ಹಿಮ ಕರಗೋ ಕಾಲ. ದೊಡ್ಡ ಇಳಿನೀರು. ಅಣ್ಣ ಹಿಂದುಗಡೆ ಚುಕ್ಕಾಣಿ ಹುಟ್ಟು ಹಿಡ್ಕೊಂಡು ನಿಂತಿದ್ದ. ಹುಟ್ಟು ಬಂಡೆಗೆ ಬಡೀತು. ಹುಟ್ಟು ದೋಣೀಲೇ ಉಳೀತು, ಅಣ್ಣ ನೀರಿಗೆ. ದೋಣಿ ತುಂಬ ಗಂಡಸರು, ಎಲ್ಲಾ ಬಾಯಿ ಬಿಟ್ಕೊಂಡು ನೋಡ್ತಿದ್ರು. ಅವನ ಹೆಂಡ್ತಿ ಮೂಟೆಗಳ ಮೇಲೆ ಕೂತಿದ್ಲು, ಬೆನ್ನಿಗೆ ಮಗು. ಎದ್ದು ಹೋಗಿ ಆ ಹುಟ್ಟು ಹಿಡಿದ್ಲು. ಕಿರುಚಲಿಲ್ಲ. ಎದ್ದು ನಿಂತಿದ್ದ ಪೀಟರ್‌ಗೆ 'ಕೂತ್ಕೋ' ಅಂದ್ಲು, ಅಷ್ಟೇ. ಕೆಳಗೆ ಮೂರು ಬಂಡೆ ಇದ್ವಂತೆ, ಮೂರು ಕಡಲ ಸೀಲು ಮಲಗಿದ ಹಾಗೆ. ಅವುಗಳ ನಡುವೆ ದಾಟಿಸಿ, ತೇಲ್ಕೊಂಡು ಬಂದ ಗಂಡನ್ನ ಜುಟ್ಟು ಹಿಡಿದು ಎಳ್ಕೊಂಡ್ಲು."

"ಹೆಸರು, ತಾತ? ಅವಳ ಹೆಸರು?"

"ದೋಣಿ ಮೇಲೆ ಬರ್ದಿದೆಯಲ್ಲಮ್ಮ. ನೀನು ಮೊದಲ್ನೇ ದಿನಾನೇ ಓದಿದೆ."

"ಮತ್ತೆ ಅವತ್ತು ಬರೀ ದೋಣಿ ಅಂದ್ರಿ?"

"ಮೊದಲ್ನೇ ದಿನ ನೀನು ಬರೀ ಟೀಚರು."

ಮಾವ, ನಾನು ಎದ್ದು ಹೊರಗೆ ಹೋಗಿ ಗಾಳಿಯಲ್ಲಿ ನಿಂತು ಆ ಹೆಸರನ್ನು ಜೋರಾಗಿ ಕೂಗಿದೆ. ಕೋಳಿಗಳೆಲ್ಲ ಚದುರಿಹೋದವು.

ಒಳಗೆ ಬಂದು ಒಂದೇ ಒಂದು ಕೇಳಿದೆ: ಪೀಟರ್ ಮರ ಹತ್ತಿದ್ದು ಯಾಕೆ? "ಜೋಸೆತ್‌ಗೋಸ್ಕರ ಹತ್ತಿದೆ, ಬಿದ್ದೆ ಅಂತಿದ್ನಂತೆ. ಹಣ್ಣು ಕೀಳೋಕೆ ಹತ್ತಿರ್ಬೇಕು," ಎಂದರು ತಾತ.

ಸೂಜಿ ಎಲೆಯ ಸ್ಪ್ರೂಸ್ ಮರದಲ್ಲಿ ಹಣ್ಣು. ನಿನ್ನ ಕುಚ್ಚುಮರದ ಮಾತು ನಾನು ಎತ್ತಲಿಲ್ಲ. ಅದನ್ನು ಹೇಳಬೇಕಾದವನು ನೀನು.

ವರ್ನಾ


ಸ್ಟ್ರಾಮ್ನೆಸ್
೨೬ ಫೆಬ್ರುವರಿ ೧೯೮೪

ಮಾವ,

ಏಳು ವಾರವಾಯಿತು. ನಿನ್ನ ಕಾಗದ ಇಷ್ಟು ದಿನ ನಿಂತದ್ದು ನನಗೆ ನೆನಪಿಲ್ಲ. ಗಿಲ್ಬರ್ಟ್ ನೀರಿಗೆ ಬಿದ್ದದ್ದಕ್ಕೆ ಸಿಟ್ಟೇ? ಬಿದ್ದವನು ಅವನು, ನೆನೆದವನು ನೀನಾದೆಯಾ? ಕೋಕುಮ್‌ಗೆ ಕಾಗದ ಓದಿ ಹೇಳಿದೆಯೋ ಇಲ್ಲವೋ, ಅದೊಂದನ್ನಾದರೂ ಬರೆ. ಅಮ್ಮನ ಕಾಗದದಲ್ಲೂ ಆ ಬಗ್ಗೆ ಒಂದು ಅಕ್ಷರವಿಲ್ಲ.

ವರ್ನಾ


ಲಾ ಪ್ವಾಂತ್
೨೫ ಮಾರ್ಚ್ ೧೯೮೪

ಮಗಳೇ,

ಶಾಯಿ ಹೆಪ್ಪುಗಟ್ಟಿತ್ತು. ಈ ವರ್ಷದ ಚಳಿ ನಿನಗೆ ಗೊತ್ತಿಲ್ಲ, ಮಾತು ಕೂಡ ಬಾಯಿಂದ ಹೊರಗೆ ಬಿದ್ದು ಒಡೆಯುತ್ತಿತ್ತು.

ಈಗ ಕೇಳು. ನಿನ್ನ ಕಾಗದವನ್ನು ಕೋಕುಮ್‌ಗೆ ಬಂದ ದಿನವೇ ಓದಿ ಹೇಳಿದೆ. ಹುಟ್ಟು ಕೈತಪ್ಪಿ ನೀರಿಗೆ ಬಿತ್ತು, ಅದನ್ನು ತರಲು ಗಿಲ್ಬರ್ಟ್ ಧೀರನಾಗಿ ಹಾರಿದ, ಅಷ್ಟು ಹೊತ್ತು ಹೆಂಡತಿ ದೋಣಿಯನ್ನು ಸ್ವಲ್ಪ ನೋಡಿಕೊಂಡಳು ಎಂದು ಓದಿದೆ. ಕೋಕುಮ್ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು.

"ಇನ್ನೊಂದ್ಸಲ ಓದು. ಈ ಸಲ ಕಾಗದ ನೋಡ್ಕೊಂಡು ಓದು."

ಓದಿದೆ. "ಜುಟ್ಟು ಹಿಡಿದು" ಎಂಬಲ್ಲಿ ಅವಳು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ, ನಿಮ್ಮಮ್ಮ ಓಡಿಬಂದು ಬೆನ್ನು ತಟ್ಟಬೇಕಾಯಿತು. ಹೆಸರಿನ ಜಾಗ ಬಂತು. ನಗು ನಿಂತಿತು. ಹೆಸರನ್ನು ಎರಡು ಸಲ ಬಾಯೊಳಗೇ ಹೇಳಿಕೊಂಡಳು, ಹೊಸ ಹಲ್ಲು ಕಟ್ಟಿಸಿಕೊಂಡವರು ರೊಟ್ಟಿ ಕಚ್ಚಿ ನೋಡುವ ಹಾಗೆ.

"ಆಂಬ್ರೋಜ್, ನಿಮ್ಮ ಗಂಡಸರ ಬಾಯಿ ಬಲು ದೊಡ್ಡದು ಕಣೋ. ಅವಳ ಹೆಸರು ಪೂರ್ತಿ ನುಂಗಿಬಿಟ್ರಿ. ನಾವು ಹೆಂಗಸರು ಪಟ್ಟಿ ಕಟ್ಟಿ ಇಟ್ಕೊಂಡ್ವಿ, ಯಾರು ಅಂತ ಗೊತ್ತಿಲ್ದೆ."

"ಅಮ್ಮಾ, ಸಂತಳು ಬೇರೆ, ಇವಳು ಬೇರೆ ಇರಬಹುದು. ಜೋಸೆತ್ ಅಂದ್ರೆ ಊರಿಗೊಬ್ಬಳು ಇದ್ಲು ಆ ಕಾಲ್ದಲ್ಲಿ."

"ಹಾಗಾದ್ರೆ ಆ ಮರ ಹತ್ತಿ ನೋಡು. ನಡು ಬೋಳಾಗಿರೋದು ಮುರಿದೋ, ಕಡಿದೋ. ಜೀವಮಾನವೆಲ್ಲ ಕುಚ್ಚುಮರ ಕುಚ್ಚುಮರ ಅಂತ ಬಡಾಯಿ ಹೊಡ್ದೆ, ಕಣ್ಮುಂದೆ ಇದ್ದದ್ದನ್ನ ತಲೆ ಎತ್ತಿ ನೋಡಿದ್ಯಾ?"

ಆದರೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಹಿಮಗಾಡಿ ಕೆಟ್ಟಿತ್ತು. ಕಳೆದ ವಾರ ರಿಪೇರಿಯಾಯಿತು, ಹೋದೆ. ನನ್ನ ವಯಸ್ಸಿನಲ್ಲಿ ಸ್ಪ್ರೂಸ್ ಹತ್ತುವವರು ಈ ಪ್ರಾಂತ್ಯದಲ್ಲಿ ಇನ್ನೊಬ್ಬರಿಲ್ಲ. ಅಳಿಲುಗಳು ದಾರಿ ಬಿಟ್ಟವು. ಹಳೆಯ ಪಟ್ಟಿಗಳ ಮೇಲೆ ಪಟ್ಟಿ, ನಮ್ಮಮ್ಮಂದಿರು ಕಟ್ಟಿದವು ಮಳೆಗೆ ಬಣ್ಣ ಹೋದವು, ಎಲ್ಲವನ್ನೂ ಕೈಯಿಂದ ಸರಿಸುತ್ತಾ ಹತ್ತಿದೆ.

ವರ್ನಾ, ಅದು ಮುರಿದದ್ದಲ್ಲ. ಕೊಡಲಿ ಏಟು. ಕಾಂಡಕ್ಕೆ ಹತ್ತಿ ನೇರವಾಗಿ ಕಡಿದು, ಸುತ್ತ ತೊಗಟೆ ತುಟಿ ಕಟ್ಟಿ ಮುಚ್ಚಿಕೊಂಡಿದೆ. ಎಲ್ಲ ಗಾಯವೂ ಒಂದೇ ವಯಸ್ಸಿನದು. ಜ್ವರದ ಮಗುವನ್ನು ಮನೆಯಲ್ಲಿ ಬಿಟ್ಟು ಅಷ್ಟು ಎತ್ತರಕ್ಕೆ ಯಾವ ತಾಯಿ ಹತ್ತುತ್ತಾಳೆ? ತುದಿಯಲ್ಲಿ ಕುಚ್ಚು, ಈಗ ಬೆಳೆದು ಬೆಳೆದು ಚದುರಿದೆ. ಇನ್ನೂ ಮೇಲೆ ಹೋದೆ. ಕುಚ್ಚಿನ ಕೆಳಗೆ, ಇಳಿನೀರಿನ ಕಡೆಯ ಪಕ್ಕದಲ್ಲಿ, ಒಂದು ಕೊಂಬೆ. ಅದಕ್ಕೆ ಏಟು ಬಿದ್ದಿದೆ, ಅರ್ಧದಷ್ಟೇ. ಇನ್ನರ್ಧ ಕಡಿಯದೆ ಬಿಟ್ಟಿದೆ. ಆ ಕೊಂಬೆ ಸೊಟ್ಟಗೆ ಬಗ್ಗಿ, ಮತ್ತೆ ಮೇಲಕ್ಕೆ ತಿರುಗಿ, ಇವತ್ತಿಗೂ ಹಸಿರಾಗಿದೆ.

ಪೀಟರ್ ಬಿದ್ದದ್ದು ಅಲ್ಲಿಂದಲೇ. ಆ ಏಟು ಹಾಕುವಾಗಲೇ. ನಾನು ಆ ಗಾಯದೊಳಗೆ ಬೆರಳಿಟ್ಟು ನೋಡಿದೆ. ಅಲ್ಲಿಂದ ಕೆಳಗೆ ನೋಡಿದರೆ ಹಿಮದ ಮೇಲೆ ನಮ್ಮ ಮೂರು ಬಾತು ಬಂಡೆಗಳು. ನಿನ್ನ ತಾತನಿಗೆ ಹೇಳು, ಅವು ಸೀಲುಗಳಲ್ಲ. ಆದರೆ ಆರ್ಕ್ನಿಯವನ ಕಣ್ಣಿನಿಂದ ನೋಡಿದರೆ ಸೀಲುಗಳೂ ಹೌದು.

ಅಷ್ಟು ವರ್ಷ ಪಟ್ಟಣದವರಿಗೆ ಗಿಲ್ಬರ್ಟ್‌ನ ಮರ ಎಂದು ಎಷ್ಟು ಮರ ತೋರಿಸಿದೆ. ಗಿಲ್ಬರ್ಟ್‌ಗೆ ಮರವೇ ಇರಲಿಲ್ಲ.

ಆಮೇಲೆ ಮರ್ಯಾದೆಯಾಗಿ ಇಳಿದು ಮನೆಗೆ ಬಂದೆ. ಫಾದರ್‌ಗೆ ಇನ್ನೂ ಹೇಳಿಲ್ಲ. ಸಂತಳನ್ನು ಕಳಕೊಂಡೆವೋ, ಮುತ್ತಜ್ಜಿಯನ್ನು ಪಡಕೊಂಡೆವೋ, ಊರು ಇನ್ನೂ ತೀರ್ಮಾನಿಸಿಲ್ಲ. ನಾನು ಮಾತ್ರ ತೀರ್ಮಾನಿಸಿದ್ದೇನೆ: ಇಡೀ ಉತ್ತರದಲ್ಲಿ ಸಂತಳ ವಂಶದವರು ಎಂದು ಹೇಳಿಕೊಳ್ಳಬಲ್ಲ ಮನೆ ನಮ್ಮದೊಂದೇ.

ಮಾವ


ಸ್ಟ್ರಾಮ್ನೆಸ್
೬ ಮೇ ೧೯೮೪

ಮಾವ,

ನಿನ್ನ ಕಾಗದವನ್ನು ಶಾಲೆಯಿಂದ ಮನೆಗೆ ಬರುವ ದಾರಿಯಲ್ಲೇ ಓದಿ, ಮನೆ ದಾಟಿ ಮುಂದೆ ಹೋಗಿಬಿಟ್ಟೆ.

ಅಮ್ಮನ ಕಾಗದವೂ ಬಂತು. ಮರ್ಯಾದೆಯಾಗಿ ಇಳಿದವನನ್ನು ಇಳಿಸಲು ಚರ್ಚಿನ ಏಣಿ ತಂದರಂತೆ. ಏಣಿ ಹಿಡಿದವನು ಫಾದರ್ ರೆಮಿಯಂತೆ. "ಸಂತಳ ಮರದಲ್ಲಿ ಏನು ಮಾಡ್ತಿದ್ದೀರಿ ಆಂಬ್ರೋಜ್?" ಎಂದು ಕೇಳಿದ್ದಕ್ಕೆ, "ಹಣ್ಣು ಕೀಳ್ತಿದ್ದೆ" ಎಂದೆಯಂತೆ.

ಅರ್ಧ ಕಡಿದ ಕೊಂಬೆಯ ವಿಷಯ ಎರ್ಲೆಂಡ್ ತಾತನಿಗೆ ಹೇಳಿದೆ. ಕುಚ್ಚುಮರ ಎಂದರೇನು ಎಂದು ತಿಳಿಸಲು ಒಂದು ಪೊರಕೆಯ ನಡುವನ್ನೇ ಕತ್ತರಿಸಿ ತೋರಿಸಬೇಕಾಯಿತು. ಅವರು ಆ ಪೊರಕೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಮರ್ಯಾದೆ ಮಾಡೋಕೆ ಹತ್ತಿದ್ನಾ," ಎಂದರು. "ನಾವು ನಕ್ವಲ್ಲೇ. ಸಾಯೋ ತನಕ ನಕ್ವಿ."

ಮರುದಿನ ಹೋದರೆ ದೋಣಿಯನ್ನು ದಡಕ್ಕೆಳೆದು ಹೆಸರಿಗೆ ಹೊಸ ಬಣ್ಣ ಹಾಕುತ್ತಿದ್ದರು. ಹಬ್ಬದ ಹಿಂದಿನ ಸಂಜೆ ಇಲ್ಲಿ ಸಮುದ್ರದಲ್ಲಿ ಅದೇ ಹೆಸರು ಕೂಗುತ್ತೇವೆ, ನಾನೂ ಅವರೂ. ನಮ್ಮ ಬಳಿ ಕೋವಿ ಇಲ್ಲ, ತಾತ ತಗಡಿನ ಬಕೆಟ್ ಬಾರಿಸುತ್ತಾರಂತೆ.

ಈಗ ಸಿಟ್ಟಿನ ಮಾತು. ಚಳಿಗಾಲದಿಂದ ಇದ್ದ ಕೆಮ್ಮು ಹೆಚ್ಚಾಗಿ ಈಸ್ಟರ್‌ನಿಂದ ಕೋಕುಮ್ ಹಾಸಿಗೆ ಬಿಟ್ಟು ಎದ್ದಿಲ್ಲ ಎಂದು ಅಮ್ಮ ಬರೆದಿದ್ದಾಳೆ. ನಗು ಬರೆದೆ, ಅಳಿಲು ಬರೆದೆ, ಆ ಕೆಮ್ಮು ಬರೆಯಲಿಲ್ಲ. ಜುಲೈಯವರೆಗೂ ಅವಳು ಇರುತ್ತಾಳಾ ಮಾವ? ಈ ಒಂದು ಪ್ರಶ್ನೆಗೆ ಬಡಾಯಿ ಇಲ್ಲದೆ ಉತ್ತರ ಬರೆ.

ವರ್ನಾ


ಲಾ ಪ್ವಾಂತ್
೨೬ ಜುಲೈ ೧೯೮೪

ಮಗಳೇ ವರ್ನಾ,

ನಿನ್ನ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಬರೆಯಲಿಲ್ಲ. ಈಗ ಗೊತ್ತು. ಇದ್ದಾಳೆ. ಪಕ್ಕದ ಕೋಣೆಯಿಂದ ಚಹಾಕ್ಕೆ ಸಕ್ಕರೆ ಸಾಲದೆಂದು ಬಯ್ಯುತ್ತಿದ್ದಾಳೆ. ಬಯ್ಗುಳ ಮುಗಿಯುವುದರೊಳಗೆ ನಿನ್ನೆಯ ಸಂಜೆಯನ್ನು ಬರೆದುಬಿಡುತ್ತೇನೆ.

ಜೂನ್ ಪೂರ್ತಿ ಕೆಟ್ಟದಾಗಿತ್ತು. ಫಾದರ್ ರೆಮಿ ಕೊನೆಯ ಅಭಿಷೇಕದ ಎಣ್ಣೆ ಹಿಡಿದು ಎರಡು ಸಲ ಬಂದ. ಎರಡನೆಯ ಸಲ ಕೋಕುಮ್ ಕಣ್ಣು ಬಿಟ್ಟು, "ಎಣ್ಣೆ ಒಲೆ ಹತ್ರ ಇಡಿ ಫಾದರ್, ಬ್ಯಾನಕ್ ರೊಟ್ಟಿಗಾಗುತ್ತೆ. ನಂಗೊಂದು ಹೆಸರು ಕೂಗೋದಿದೆ," ಎಂದಳು. ಯಾವ ಹೆಸರು ಎಂದು ಅವನು ಕೇಳಿದ. ಆಗ ನಿನ್ನ ಕಾಗದಗಳನ್ನೆಲ್ಲ ತಂದು ಅವನ ಕೈಗೆ ಕೊಟ್ಟೆ. ಹಾಸಿಗೆಯ ಪಕ್ಕದಲ್ಲೇ ಕೂತು ಓದಿದ. ಮುಗಿಸಿ ಕನ್ನಡಕ ಒರೆಸಿಕೊಂಡ.

"ಈಗ್ಲಾದ್ರೂ ಮೇಣದಬತ್ತಿ ಹಚ್ಚಬಹುದಾ ಫಾದರ್?" ಎಂದೆ.

"ಸಂತಳಲ್ಲದೋಳನ್ನ ಸಂತಳು ಅನ್ಬೇಡಿ ಅಂದಿದ್ದೆ ಅಷ್ಟೇ. ಅಜ್ಜಿಗೆ ದೀಪ ಹಚ್ಚೋದಕ್ಕೆ ಯಾವ ಬಿಷಪ್ ಅಪ್ಪಣೆ ಬೇಕು?"

ಹುಡುಗ ಪರವಾಗಿಲ್ಲ. ಗಡ್ಡ ಬಂದರೆ ಒಳ್ಳೆಯ ಪಾದ್ರಿಯಾಗುತ್ತಾನೆ.

ನಿನ್ನೆ ಮಧ್ಯಾಹ್ನ ಕೋಕುಮ್ ಎದ್ದು ಕೂತು ತನ್ನ ಹೂವಿನ ಮಣಿ ಹೆಣೆದ ಕರಿ ಶಾಲು ಕೇಳಿದಳು. "ಮನೆ ಮುಂದೆ ಬೇಡ. ಅವಳ ಹತ್ರಾನೇ ಹೋಗಿ ಕೂಗ್ತೀನಿ," ಎಂದಳು. ಅಡುಗೆಮನೆಯ ಕುರ್ಚಿಯನ್ನು ದೋಣಿಯ ನಡುವೆ ಕಟ್ಟಿ, ಅದರಲ್ಲಿ ಅವಳನ್ನು ಕೂರಿಸಿದೆವು. ಚುಕ್ಕಾಣಿ ನಾನು ಹಿಡಿಯಲು ಹೋದರೆ, "ನೀನು ಮುಂದೆ ಕೂತ್ಕೋ, ನಮ್ಮ ವಂಶದ ಗಂಡಸರು ಬೀಳ್ತಾರೆ," ಎಂದು ನಿಮ್ಮಮ್ಮನ ಕೈಗೆ ಕೊಡಿಸಿದಳು. ಹಿಂದೆ ಊರಿನ ಎಲ್ಲ ದೋಣಿಗಳು. ಕಾರಿಗಲ್ ರಕ್ತ ಒಂದು ಹನಿಯೂ ಇಲ್ಲದವರು ಕೂಡ ನೆಂಟರಾಗಿ ಬಂದಿದ್ದರು.

ಮರದ ಬುಡದಲ್ಲಿ ಕುರ್ಚಿ ಇಟ್ಟೆವು. ಅವಳು ತಲೆ ಎತ್ತಿ ತುದಿಯ ತನಕ ನೋಡಿದಳು. ಆ ಸೊಟ್ಟ ಕೊಂಬೆ ತೋರಿಸು ಎಂದಳು, ತೋರಿಸಿದೆ. ಆಮೇಲೆ ಕಾಂಡದ ಮೇಲೆ ಕೈ ಇಟ್ಟು ಮಾತಾಡಿದಳು, ಪಕ್ಕದ ಮನೆಯವಳ ಜೊತೆ ಬೇಲಿಯ ಹತ್ತಿರ ಆಡುವ ಹಾಗೆ.

"ಇಷ್ಟು ವರ್ಷ ನಿನ್ನ ಹತ್ರ ಮಕ್ಕಳ ಜ್ವರಕ್ಕೆ ಬೇಡ್ದೆ, ಗಂಡನ ಕುಡಿತಕ್ಕೆ ಬೇಡ್ದೆ, ಮೀನಿಗೆ ಬೇಡ್ದೆ. ಸಂತಳು ಅಂತ ಹೆದರಿ ಹೆದರಿ ಸ್ವಲ್ಪಸ್ವಲ್ಪಾನೇ ಬೇಡ್ದೆ. ನಮ್ಮೋಳೇ ಅಂತ ಒಂದ್ಮಾತು ಹೇಳಿದ್ರೆ ಇನ್ನೂ ಜಾಸ್ತಿ ಕೇಳ್ತಿದ್ನಲ್ಲೇ."

ಹೆಂಗಸರು ನಕ್ಕರು, ಅತ್ತರು, ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ಹೊಗೆ ಕಣ್ಣಿಗೆ ಬರುತ್ತಿತ್ತು ಎಂದು ನಾನು ಸ್ವಲ್ಪ ಆ ಕಡೆ ತಿರುಗಿದೆ. ಹೊಗೆ ಎಲ್ಲಿತ್ತು ಎಂದು ಕೇಳಬೇಡ.

ಕೋವಿ ತುಂಬಿಕೊಂಡು ನಿಂತೆ. ಕೋವಿ ಒರೆಸಿ ಫಳಫಳ ಮಾಡಿದ್ದೆ. ಒಂದು ತೋಟಾ ಗಿಲ್ಬರ್ಟ್‌ಗೆ, ಒಂದು ಜೋಸೆತ್‌ಗೆ, ಮಿಕ್ಕವರಿಗೆಲ್ಲ ಜೇಬಿನಲ್ಲಿ. ಕ್ರಮ ನನಗೆ ಬಾಯಿಪಾಠ: ಮೊದಲು ಗಿಲ್ಬರ್ಟ್, ಆಮೇಲೆ ಅವನ ಹೆಂಡತಿ. ಇಳಿನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೋಕುಮ್ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು. ಯಾರೂ ಹಿಡಿದುಕೊಳ್ಳಬಾರದೆಂದು ಕೈ ಬೀಸಿದಳು.

"ಜೋಸೆತ್," ಎಂದು ಕೂಗಿದಳು.

ಮೊದಲ ಹೆಸರೇ ಅದು. ಹದಿನೆಂಟರ ಗಂಟಲು ಎಂದಿದ್ದೆನಲ್ಲ, ಹದಿನಾರರದ್ದು. ಗುಂಡು ಹಾರಿಸಿದೆ. ಅದರ ಸದ್ದು ಬಂಡೆಗಳಿಗೆ ತಾಗಿ, ಆಚೆ ದಡಕ್ಕೆ ಹೋಗಿ, ತಿರುಗಿ ಬಂತು. ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಇಷ್ಟು ವರ್ಷ ಆ ಹೆಸರಿನ ಜಾಗದಲ್ಲಿ ಕಿವಿ ಎತ್ತಿ ಕಾದು ಸಾಕಾದ ನಾಯಿಗಳಲ್ಲವೇ. ಅದೇ ಹೊತ್ತಿಗೆ ನಿಮ್ಮ ಬಕೆಟ್ಟೂ ಸದ್ದು ಮಾಡಿತೆಂದು ನಂಬಿದ್ದೇನೆ.

ಸದ್ದು ಪೂರ್ತಿ ಅಡಗುವ ತನಕ ಕೋಕುಮ್ ಕಾದಳು. ನಾನು ಮುಂದಿನದಕ್ಕೆ ಕೋವಿ ಎತ್ತಿ ಸಿದ್ಧವಾಗಿ ನಿಂತೆ. ಎದೆ ಉಬ್ಬಿಸಿಕೊಂಡು ನಿಂತೆ, ಏನೇ ಆದರೂ ಗಿಲ್ಬರ್ಟ್ ಗಿಲ್ಬರ್ಟೇ.

ಅವಳು ನನ್ನ ಕಡೆ ಒಂದು ಸಲ ನೋಡಿ, ಸರೋವರದ ಕಡೆ ತಿರುಗಿ, ಅಷ್ಟೇ ಜೋರಾಗಿ ಕೂಗಿದಳು:

"ಜೋಸೆತ್‌ಳ ಗಂಡ."

ನನ್ನ ಬೆರಳು ಕೋವಿಯ ಕುದುರೆಯ ಮೇಲೇ ಇತ್ತು. ಎಲ್ಲರೂ ನನ್ನನ್ನೇ ನೋಡಿದರು.

"ಅಮ್ಮಾ, ಹೆಸರು," ಎಂದೆ ಮೆಲ್ಲಗೆ. "ಹೆಸರು ಹೇಳಮ್ಮ. ನಿಯಮ ಇದೆ."

"ಗೊತ್ತು ಕಣೋ. ನಮ್ಮಪ್ಪನ ನಿಯಮ, ನಂಗೆ ಗೊತ್ತಿಲ್ವಾ? ಒಂದು ವರ್ಷ ಅವನೂ ಸ್ವಲ್ಪ ಕಾಯ್ಲಿ," ಎಂದು ಮುಂದಿನ ಹೆಸರು ಕೂಗಿದಳು.

ಒಂದು ವರ್ಷ ಎಂದರೆ ಮುಂದಿನ ಜುಲೈಗೂ ಇರುವ ಯೋಚನೆ ಅವಳಿಗಿದೆ ಎಂದಾಯಿತು. ಆದ್ದರಿಂದ ನಾನು ವಾದ ಮಾಡಲಿಲ್ಲ. ನೀನು ಆಗಸ್ಟ್‌ನಲ್ಲಿ ಬಂದ ಮೇಲೆ ಗಿಲ್ಬರ್ಟ್ ಪರವಾಗಿ ಅವಳ ಹತ್ತಿರ ಒಂದು ಮಾತು ಆಡು, ಆದರೆ ಗಟ್ಟಿಯಾಗಿ ಆಡಬೇಡ. ಅವನ ತೋಟಾವನ್ನು ಜೇಬಿನ ಉಳಿದವುಗಳ ಜೊತೆ ಸೇರಿಸಿಲ್ಲ. ಒಲೆಯ ಮೇಲಿನ ಹಲಗೆಯಲ್ಲಿ, ಸಕ್ಕರೆ ಡಬ್ಬಿಯ ಪಕ್ಕ, ನಿಲ್ಲಿಸಿಟ್ಟಿದ್ದೇನೆ.

ನಿನ್ನ ಮಾವ, ಜೋಸೆತ್‌ಳ ವಂಶದವನು,
ಆಂಬ್ರೋಜ್